ಗಿರಣಿ ನಿಂತ ಆ ತಿಂಗಳು

ನಾನು ಮದುವೆಯಾಗಿ ಶಿಕಾರಿಪುರಕ್ಕೆ ಬಂದದ್ದು ಐವತ್ತರ ದಶಕದ ನಡುವಿನಲ್ಲಿ. ಗಂಡನ ಮನೆಗೂ ಅವರ ಗಿರಣಿಗೂ ಒಂದೇ ಗೋಡೆ. ಗೋಡೆಯ ಈಚೆ ನಮ್ಮ ಅಡುಗೆಮನೆ, ಆಚೆ ಇಂಜಿನ್. ಬೆಳಿಗ್ಗೆ ಏಳಕ್ಕೆ ನಮ್ಮವರು ಹ್ಯಾಂಡಲ್ ಹಾಕಿ ಅದರ ದೊಡ್ಡ ಚಕ್ರ ತಿರುಗಿಸಿದರೆಂದರೆ ಸಂಜೆ ದೀಪ ಹಚ್ಚುವ ಹೊತ್ತಿನವರೆಗೆ ಅದು ನಿಲ್ಲುತ್ತಿರಲಿಲ್ಲ. ಒಂದು ಕಡೆ ಹಿಟ್ಟು ಬೀಸುವ ಕಲ್ಲು, ಇನ್ನೊಂದು ಕಡೆ ಭತ್ತವನ್ನು ಅಕ್ಕಿ ಮಾಡುವ ಯಂತ್ರ, ಎರಡನ್ನೂ ಆ ಒಂದೇ ಇಂಜಿನ್ ತಿರುಗಿಸುತ್ತಿತ್ತು. ನೆಲಕ್ಕೆ ಅಂಗೈ ಇಟ್ಟರೆ ನಡುಕ ತಿಳಿಯುತ್ತಿತ್ತು. ಹಂಡೆಯ ನೀರಿನ ಮೇಲೆ ದಿನವಿಡೀ ಸಣ್ಣ ಬಳೆಗಳಂಥ ಅಲೆ. ಗೂಡಿನಲ್ಲಿ ಇಟ್ಟ ಹಿತ್ತಾಳೆ ಲೋಟ ತಾನಾಗಿಯೇ ಸರಿಯುತ್ತ ಸರಿಯುತ್ತ ಅಂಚಿಗೆ ಬಂದು ಬೀಳುತ್ತಿತ್ತು. ಬಿದ್ದದ್ದು ಯಾರಿಗೂ ಕೇಳಿಸುತ್ತಿರಲಿಲ್ಲ.

ನಾನು ಹುಟ್ಟಿ ಬೆಳೆದದ್ದು ಸೊರಬದಿಂದ ಎರಡು ಮೈಲಿ, ಚಂದ್ರಗುತ್ತಿಯ ದಾರಿಯಲ್ಲಿ ಸಿಗುವ ಒಂದು ಹಳ್ಳಿಯಲ್ಲಿ. ನಮ್ಮಪ್ಪ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವ್ವನೂ ಮೆತ್ತಗೆ ಮಾತಾಡುವವಳು. ಅಂಥ ಮನೆಯಿಂದ ಬಂದ ನನ್ನ ಮಾತು ಇಲ್ಲಿ ಯಾರ ಕಿವಿಯನ್ನೂ ಮುಟ್ಟಲಿಲ್ಲ. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಇದ್ದದ್ದು ಅತ್ತೆ, ನಮ್ಮವರು, ನಾನು. ಮೊದಲ ವಾರವೇ ಅತ್ತೆ ನನ್ನ ಮುಖದ ಹತ್ತಿರ ಮುಖ ತಂದು ಕೂಗಿದರು.

"ಏನಂದೆ? ಬಾಯಾಗೆ ಏನಿಟ್ಕಂಡೀಯವ್ವಾ? ಗಟ್ಟಿ ಹೇಳು!"

"ಎಂತ ಅಡುಗೆ ಮಾಡೂದು ಅಂದೆ ಅತ್ತೆ."

"ಎಂತ ಅಂತೆ, ಎಂತ! ಇನ್ನೂ ಗಟ್ಟಿ!"

ಮೂರು ತಿಂಗಳಲ್ಲಿ ಕೂಗುವುದನ್ನು ಕಲಿತೆ. ಕೂಗಿದರೂ ಮುಟ್ಟದ ಮಾತಿಗೆ ಕೈಸನ್ನೆ ಇತ್ತು. ಉಪ್ಪಿಗೆ ಎರಡು ಬೆರಳು ಉಜ್ಜುವುದು, ನೆಂಟರು ಬಂದರೆ ತಲೆಯ ಸುತ್ತ ರುಮಾಲು ಸುತ್ತಿದಂತೆ ಕೈ ತಿರುಗಿಸುವುದು, ಊಟಕ್ಕೆ ಬನ್ನಿ ಎನ್ನಲು ಗಿರಣಿಯ ಬಾಗಿಲಲ್ಲಿ ನಿಂತು ಬರಿಯ ತಟ್ಟೆ ತೋರಿಸುವುದು. ಹೀಗೆ ಒಂದು ಸಂಸಾರ ನಡೆಯುತ್ತಿತ್ತು.

ಮೊದಲ ದೀಪಾವಳಿಗೆ ತವರಿಗೆ ಹೋದೆ. ಸೊರಬದ ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಗಾಡಿ ಕಟ್ಟಿಕೊಂಡು ಬಂದು ಕಾಯುತ್ತಿದ್ದ. ಬಸ್ಸಿನಿಂದ ಇಳಿದವಳೇ, "ಅಪ್ಪಾ, ಆರಾಮಿದೀಯಾ?" ಎಂದೆ. ಸುತ್ತಲಿನ ಜನ ತಿರುಗಿ ನೋಡಿದರು. ಎತ್ತು ಕಿವಿ ಒದರಿತು. ಅಪ್ಪ ಒಂದು ಹೆಜ್ಜೆ ಹಿಂದೆ ಸರಿದು ನನ್ನನ್ನೇ ನೋಡಿದ.

"ಎಂತ ಆತು ಮಗಾ? ಯಾರ ಹತ್ರ ಜಗಳ ಮಾಡ್ಕಂಡು ಬಂದ್ಯ?"

ಮನೆಗೆ ಹೋದ ಮೇಲೂ ಅವ್ವ ಎರಡೆರಡು ಸಲ ಹೇಳಿದಳು, "ಮೆತ್ತಗೆ ಮಾತಾಡೇ. ನಾವೇನು ಹೊಳೆ ಆಚೆ ಇದೀವನ?" ನನಗೆ ಅವಮಾನವಾಯಿತು. ಆದರೆ ದನಿ ತಗ್ಗಿಸಲು ನೋಡಿದರೆ ಅದು ತಗ್ಗುತ್ತಿರಲಿಲ್ಲ. ಬಾಯಿ ತೆರೆದರೆ ಗಿರಣಿಯ ದನಿಯೇ ಬರುತ್ತಿತ್ತು. ವಾಪಸ್ ಬರುವಾಗ ಬಸ್ಸಿನಲ್ಲಿ ಕೂತು, ಒಂದು ದಿನ, ಒಂದೇ ಒಂದು ದಿನ ಆ ಇಂಜಿನ್ ಸುಮ್ಮನಾಗಲಿ ಎಂದು ಬೇಡಿಕೊಂಡದ್ದು ನೆನಪಿದೆ.

ಆದರೆ ಇಂಜಿನ್ನಿನಿಂದ ನನಗೆ ಒಂದು ಗುಟ್ಟಿನ ಸುಖವೂ ಇತ್ತು. ಅದನ್ನು ಈಗ ಹೇಳಿಕೊಳ್ಳಬಹುದು. ಒಲೆಯ ಮುಂದೆ ಕೂತು ನಾನು ಏನು ಬೇಕಾದರೂ ಅನ್ನಬಹುದಿತ್ತು. ಮೊದಮೊದಲು ಬರೀ "ಅಯ್ಯೋ" ಎನ್ನುತ್ತಿದ್ದೆ. ಆಮೇಲೆ ಇಡೀ ದಿನದ ದೂರನ್ನೆಲ್ಲ ಬಾಯಿಬಿಟ್ಟು ಹೇಳತೊಡಗಿದೆ. ಎರಡು ಮಾರು ದೂರದಲ್ಲಿ ಅತ್ತೆ ಈಳಿಗೆ ಮಣೆಯ ಮೇಲೆ ಕೂತು ಬದನೆಕಾಯಿ ಹೆಚ್ಚುತ್ತಿದ್ದರೆ, ನಾನು ಅವರಿಗೆ ಬೆನ್ನು ಮಾಡಿ, ಪೂರಾ ದನಿಯಲ್ಲಿ ಅವರನ್ನೇ ಬೈಯುತ್ತಿದ್ದೆ. ನಮ್ಮವರನ್ನೂ ಬಿಡುತ್ತಿರಲಿಲ್ಲ. ಎದೆ ಹಗುರಾಗುತ್ತಿತ್ತು. ಅತ್ತೆಯ ತುಟಿಗಳೂ ಆಗಾಗ ಅಲ್ಲಾಡುವುದನ್ನು ಕಂಡಿದ್ದೆ. ಶಿವನಾಮ ಹೇಳಿಕೊಳ್ಳುತ್ತಾರೆ ಎಂದುಕೊಂಡಿದ್ದೆ.

ಮಗಳು ಹುಟ್ಟಿ ಮೂರು ವರ್ಷವಾಗಿತ್ತು. ಸುಗ್ಗಿ ಮುಗಿದು ಭತ್ತದ ಚೀಲಗಳು ಗಿರಣಿಯ ಮುಂದೆ ಸಾಲುಗಟ್ಟುವ ಕಾಲ. ಒಂದು ದಿನ ಹತ್ತು ಗಂಟೆಯ ಹೊತ್ತಿಗೆ ಗೋಡೆಯ ಆಚೆ, ಬಾವಿಗೆ ದೊಡ್ಡ ಬಂಡೆ ಬಿದ್ದಂಥ ಸದ್ದಾಯಿತು. ಆಮೇಲೆ ಏನೂ ಇಲ್ಲ. ಆ "ಏನೂ ಇಲ್ಲ"ವನ್ನು ನಾನು ಮೊದಲ ಸಲ ಕೇಳಿದ್ದು ಅಂದು. ಮಗಳು ಎರಡೂ ಕಿವಿ ಮುಚ್ಚಿಕೊಂಡು ಅಳತೊಡಗಿದಳು. ಹುಟ್ಟಿದಾಗಿನಿಂದ ಹಗಲಿನಲ್ಲಿ ಆ ಸದ್ದು ನಿಂತದ್ದನ್ನು ಅವಳು ಹೆಚ್ಚು ಕಂಡಿರಲಿಲ್ಲ.

ನಾವು ಓಡಿಹೋದೆವು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಿರಲಿಲ್ಲ. ಇಂಜಿನ್ನಿನ ಒಳಗೆ ಚಕ್ರ ತಿರುಗಿಸುವ ಕಬ್ಬಿಣದ ದಂಡ, ಕ್ರ್ಯಾಂಕು, ಮುರಿದಿತ್ತು. ಕರೆಸಿದ ಫಿಟ್ಟರ್ ನೋಡಿ ತಲೆ ಕೆರೆದುಕೊಂಡ. "ಇದು ಇಲ್ಲಿ ಆಗೋ ಕೆಲಸ ಅಲ್ಲ ರೀ. ಹುಬ್ಬಳ್ಳಿಗೆ ಒಯ್ದು ಹೊಸದು ಮಾಡಿಸ್ಬೇಕು. ಒಂದು ತಿಂಗಳಾದ್ರೂ ಬೇಕು."

ನಮ್ಮವರು ಮುರಿದ ತುಂಡನ್ನು ಗೋಣಿಯಲ್ಲಿ ಸುತ್ತಿಕೊಂಡು ಹುಬ್ಬಳ್ಳಿಗೆ ಹೋದರು. ಜನ ಗೊಣಗುತ್ತ ಚೀಲಗಳನ್ನು ಗಾಡಿಗೆ ಹಾಕಿಕೊಂಡು ಹೋದರು. ಮನೆ ಸುಮ್ಮನಾಯಿತು.

ನಾನು ನಾಲ್ಕು ವರ್ಷ ಬೇಡಿದ್ದು ಸಿಕ್ಕಿತ್ತು. ಹಿಗ್ಗಬೇಕಿತ್ತು. ಆದರೆ ಮಾರನೆಯ ಬೆಳಿಗ್ಗೆ ಏಳು ಹೊಡೆಯುತ್ತಿದ್ದಂತೆ ನಾನು ಗೋಡೆಯ ಕಡೆ ತಿರುಗಿ ನಿಂತೆ. ಯಾರೋ ತೀರಿಕೊಂಡ ಮನೆಯ ಹಾಗಿತ್ತು. ಹಲ್ಲಿ ಲೊಚಗುಟ್ಟಿದ್ದು, ಒಗ್ಗರಣೆಯ ಸಾಸಿವೆ ಸಿಡಿದದ್ದು, ಬೀದಿಯ ಕೊನೆಯಲ್ಲಿ ಯಾರೋ ಕೆಮ್ಮಿದ್ದು, ನನ್ನ ಕೈಬಳೆ ನನ್ನದೇ ಕೈಯಲ್ಲಿ ಸದ್ದು ಮಾಡಿದ್ದು ಎಲ್ಲವೂ ಕೇಳಿಸಿ ಬೆಚ್ಚಿದೆ. ಗುಡಿಸಿದ ನೆಲವನ್ನೇ ಮೂರು ಸಲ ಗುಡಿಸಿದೆ. ಕೂತರೆ ಕೂರಲಾಗದು, ನಿಂತರೆ ಏನೋ ಮರೆತಂತೆ. ಪಾತ್ರೆಯನ್ನು ನೆಲಕ್ಕಿಟ್ಟರೆ ಸಿಡಿಲು ಬಡಿದಂತಾಗುತ್ತಿತ್ತು. ಸುಮ್ಮಸುಮ್ಮನೆ ಹೋಗಿ ಆ ಗೋಡೆಗೆ ಅಂಗೈ ಇಟ್ಟು ನೋಡುತ್ತಿದ್ದೆ. ಗೋಡೆ ತಣ್ಣಗಿತ್ತು.

ಪಕ್ಕದ ಮನೆಯಾಕೆ ಹಿತ್ತಲ ಬೇಲಿಯ ಆಚೆಯಿಂದ ಕೇಳಿದಳು. "ಏನ್ ರೀ, ನಿಮ್ಮನ್ಯಾಗೆ ಎಲ್ರೂ ಯಾಕೆ ಹಂಗೆ ಒದರ್ತೀರಿ? ಇವತ್ತು ಹುಳ್ಳಿಕಾಳು ಸಾರು ಅಂತ ಬೀದಿಗೆಲ್ಲ ಗೊತ್ತಾಗೈತೆ." ಇಷ್ಟು ದಿನ ನಮ್ಮ ಕೂಗನ್ನು ಇಂಜಿನ್ ನುಂಗಿಕೊಳ್ಳುತ್ತಿತ್ತು. ಈಗ ನಾವು ಬೀದಿಯಲ್ಲಿ ಬಯಲಾಗಿ ನಿಂತಿದ್ದೆವು.

ನಾಲ್ಕನೆಯ ದಿನ ಆಗಬಾರದ್ದು ಆಯಿತು. ಅತ್ತೆ ಬೆಳಗಿನಿಂದ ಎರಡು ಸಲ ಬಿಸಿನೀರು ಕೇಳಿದ್ದರು. ಮೂರನೆಯ ಸಲ ಕೇಳಿದಾಗ ನಾನು ಒಲೆಯ ಕಡೆ ತಿರುಗಿ, ನಾಲ್ಕು ವರ್ಷದ ರೂಢಿಯಂತೆ ಗಟ್ಟಿಯಾಗಿಯೇ ಹೇಳಿದೆ.

"ಈ ಮುದುಕಿಗೆ ಕೈಗೊಂದು ಕಾಲಿಗೊಂದು ಆಳು ಬೇಕು. ನಾನು ಸತ್ತರೂ, ಎದ್ದು ನೀರು ಕಾಸಿಟ್ಟು ಆಮೇಲೆ ಸಾಯಿ ಅಂತಾಳೆ."

ನನ್ನ ಮಾತು ಗೋಡೆಗೆ ಬಡಿದು ನನ್ನ ಕಿವಿಗೇ ಬಂತು. ಹಿಂದುಗಡೆ ಈಳಿಗೆಯ ಸದ್ದು ನಿಂತಿತು. ತಿರುಗಿ ನೋಡುವ ಧೈರ್ಯವಾಗಲಿಲ್ಲ. ಬೇಳೆ ಉಕ್ಕಿ ಒಲೆಗೆ ಸುರಿಯಿತು. ಅತ್ತೆ ಎದ್ದು ಹೋದರು. ಅವರ ಹೆಜ್ಜೆಗಳನ್ನು ಒಂದೊಂದಾಗಿ ಎಣಿಸುವಷ್ಟು ಮನೆ ಸುಮ್ಮನಿತ್ತು.

ಎರಡು ದಿನ ಅವರು ನನ್ನೊಂದಿಗೆ ಮಾತಾಡಲಿಲ್ಲ. ಊಟ ಬಿಡಲಿಲ್ಲ, ಅಳಲಿಲ್ಲ. ತಾವೇ ಬಡಿಸಿಕೊಂಡು ಉಂಡು ತಾವೇ ತಟ್ಟೆ ತೊಳೆದಿಡುತ್ತಿದ್ದರು. ಅದೇ ನನ್ನನ್ನು ಹೆಚ್ಚು ಸುಟ್ಟಿತು. ಹುಬ್ಬಳ್ಳಿಯಿಂದ ಬಂದ ನಮ್ಮವರಿಗೆ ಇದಾವುದೂ ತಿಳಿದಂತೆ ಕಾಣಲಿಲ್ಲ. ಅವರು ಗಬಗಬ ಉಂಡು ಎದ್ದು ಹೋಗಿಬಿಡುತ್ತಿದ್ದರು. ಒಂದು ಗಳಿಗೆ ಗಿರಣಿಯೊಳಗೆ ನಿಂತು ನಟ್ಟುಬೋಲ್ಟು ಒರೆಸುವುದು, ಆಮೇಲೆ ಬಸ್ ಸ್ಟ್ಯಾಂಡಿಗೆ ಹೋಗಿ ಬಂದ ಬಸ್ಸನ್ನೆಲ್ಲ ನೋಡುವುದು. ಆ ಭಾಗ ಒಂದು ತಿಂಗಳಿಗೆ ಮುಂಚೆ ಬರುವುದಿಲ್ಲವೆಂದು ಗೊತ್ತಿದ್ದರೂ ದಿನಕ್ಕೆ ನಾಲ್ಕು ಸಲ ಹೋಗುತ್ತಿದ್ದರು.

ಮೂರನೆಯ ದಿನ ಮನೆಯಲ್ಲಿ ಜೋಳದ ಹಿಟ್ಟು ಮುಗಿಯಿತು. ಊರಿಗೆ ಹಿಟ್ಟು ಬೀಸಿಕೊಡುವವರ ಮನೆಯಲ್ಲಿ ಹಿಟ್ಟಿಲ್ಲ. ಬೇರೆ ಗಿರಣಿಗೆ ಹೋಗಲು, ಪಕ್ಕದ ಮನೆಯಲ್ಲಿ ಕೇಳಲು ನಾಚಿಕೆ. ಅತ್ತೆ ಹಿಂದಿನ ಕೋಣೆಗೆ ಹೋಗಿ, ಗೋಣಿಚೀಲಗಳ ಕೆಳಗೆ ಧೂಳು ಹಿಡಿದು ಬಿದ್ದಿದ್ದ ಬೀಸುವ ಕಲ್ಲನ್ನು ಎಳೆಯತೊಡಗಿದರು. ನಾನು ಓಡಿಹೋಗಿ ಕೈ ಕೊಟ್ಟೆ. ಬೇಡ ಎನ್ನಲಿಲ್ಲ. ತೊಳೆದು, ಒರೆಸಿ, ಪಡಸಾಲೆಯಲ್ಲಿ ಇಟ್ಟುಕೊಂಡು ಎದುರುಬದುರು ಕೂತೆವು. ಗೂಟ ಒಂದೇ, ಅದರ ಮೇಲೆ ಇಬ್ಬರ ಕೈ. ಅಂಥ ಕಲ್ಲನ್ನು ಸಿಟ್ಟಿನಲ್ಲಿ ತಿರುಗಿಸಲು ಬರುವುದಿಲ್ಲ. ಒಬ್ಬರು ನೂಕುವಾಗ ಇನ್ನೊಬ್ಬರು ಎಳೆಯದಿದ್ದರೆ ಗೂಟ ಕಿತ್ತು ಕೈಗೆ ಬರುತ್ತದೆ. ನನಗೆ ಎರಡು ಸಲ ಹಾಗಾಯಿತು.

"ಎಳಿ," ಎಂದರು ಅತ್ತೆ ನನ್ನನ್ನು ನೋಡದೆ. "ಈಗ ಬಿಡು. ಎಳಿ."

ಅರ್ಧ ಸೇರು ಜೋಳ ಮುಗಿದಿತ್ತು. ಆಗ ಕೇಳಿದರು.

"ನಾಲ್ಕು ವರ್ಷದಿಂದ ಬೈತಿದ್ಯಾ, ಇಲ್ಲಾ ಈಗ ಶುರು ಮಾಡಿದ್ಯಾ?"

ಸುಳ್ಳು ಹೇಳಬಹುದಿತ್ತು. ಆದರೆ ಆ ಸುಮ್ಮನಿದ್ದ ಮನೆಯಲ್ಲಿ ಸುಳ್ಳು ಹೇಳಿದರೆ ಗೊತ್ತಾಗುತ್ತದೆ ಅನಿಸಿತು.

"ನಾಲ್ಕು ವರ್ಷದಿಂದ, ಅತ್ತೆ."

"ದಿನಾ?"

"ಹಬ್ಬದ ದಿನ ಬಿಟ್ಟು."

ಕಲ್ಲು ನಿಂತಿತು. ಅತ್ತೆ ನನ್ನ ಮುಖ ನೋಡಿದರು. ಏನಾಗುತ್ತದೋ ಎಂದು ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ನೋಡಿದರೆ ಅವರ ಭುಜ ಕುಲುಕುತ್ತಿತ್ತು.

"ನಾ ಹಬ್ಬದ ದಿನಾನೂ ಬಿಟ್ಟಿಲ್ಲ ನಮ್ಮವ್ವಾ," ಎಂದರು. "ಪೂಜೆಗೆ ಕುಂತಾಗ ಸೈತ."

"ನನ್ನನ್ನಾ? ಏನಂತ?"

"ಸೊರಬದ ಕಡೆ ಹೆಣ್ಣು ತರಬ್ಯಾಡ ಅಂತ ನಮ್ಮಣ್ಣ ಹೇಳಿದ್ದ, ನಾ ಕೇಳಲಿಲ್ಲ ಅಂತ. ಇದರ ಸಾರು ಬರೀ ಹುಣಸೆ ನೀರು ಅಂತ."

ನನಗೆ ಸಿಟ್ಟು ಬಂತು. "ತಟ್ಟೆ ನೆಕ್ಕಿ ಉಣ್ತಿದ್ರಲ್ಲ!"

"ಹಸಿವಿಗೆ ನೆಕ್ಕಿದೆ."

ಆ ದಿನದಿಂದ ನಾವಿಬ್ಬರೂ ತಾಯಿಮಗಳಂತೆ ಆದೆವು ಎಂದರೆ ಅದು ನಿಜವಲ್ಲ. ಆ ತಿಂಗಳಲ್ಲೇ ಇನ್ನೂ ಎರಡು ಸಲ, ಬೀದಿಗೆ ಕೇಳುವಂತೆ, ಮುಖಕ್ಕೆ ಮುಖ ಕೊಟ್ಟು ಜಗಳವಾಡಿದೆವು. ಆದರೆ ಬೆನ್ನು ತಿರುಗಿಸಿ ಬೈಯುವುದು ನಿಂತಿತು. ಮತ್ತೆ, ದಿನವೂ ಆ ಕಲ್ಲಿನ ಮುಂದೆ ಕೂರಲೇಬೇಕಿತ್ತು. ಕೈ ತಿರುಗುತ್ತಿದ್ದರೆ ಬಾಯಿ ತಾನಾಗಿ ಬಿಚ್ಚುತ್ತಿತ್ತು. ಒಂದು ದಿನ ಅತ್ತೆ ಮಾವನ ಮಾತು ತೆಗೆದರು.

"ಈ ಇಂಜಿನ್ ತಂದು ಕೂರಿಸಿದ ಮ್ಯಾಲೆ ನಿಮ್ಮ ಮಾವನ ಕೂಡ ಒಂದು ಮಾತು ಸಮಾಧಾನದಾಗೆ ಆಡಿದ್ದು ನೆಪ್ಪಿಲ್ಲ. ಹಗಲೆಲ್ಲ ಇದರ ಗದ್ದಲ, ಸಂಜಿಗೆ ಅವರು ದಣಿದು ಮಕ್ಕಂಬಿಡೋರು. ಅವರು ಹೋದ ದಿನಾನೂ ಇದು ನಡೀತಾ ಇತ್ತು. ಮಂದಿ ಭತ್ತ ತಂದು ಕುಂತಿದ್ರು. ನಿಲ್ಲಿಸಾಕೆ ಯಾರಿಗೂ ಹೊಳೀಲೇ ಇಲ್ಲ. ನನ್ನ ಕೈ ಹಿಡಕಂಡು ಏನೋ ಅಂದ್ರು. ಕೇಳಲಿಲ್ಲ. ಮತ್ತೆ ಅನ್ರಿ ಅಂದೆ. ಅಷ್ಟೊತ್ತಿಗೆ..."

ಹಿಡಿ ಜೋಳ ತೆಗೆದು ಕಲ್ಲಿನ ಬಾಯಿಗೆ ಹಾಕಿದರು. "ಎಳಿ," ಎಂದರು.

ನಾನೂ ನನ್ನ ದುಃಖ ಹೇಳಿಕೊಂಡೆ. "ನಿಮ್ಮ ಹತ್ತಿರ ಜಗಳನಾದ್ರೂ ಆಡ್ತೀನಿ. ನಿಮ್ಮ ಮಗ ಮಾತೇ ಆಡಲ್ಲ. ಹಿಂದಿನಿಂದ ನಾಲ್ಕು ಸಲ ರೀ ರೀ ಅಂತ ಕರೀಬೇಕು. ತಿರುಗಿ ಸೈತ ನೋಡಲ್ಲ. ಇಂಜಿನ್ ನಡೀವಾಗ ಕೇಳಲ್ಲ, ರಾತ್ರಿ ದಣಿದಿರ್ತಾರೆ ಅಂತ ಸುಮ್ನಿದ್ದೆ. ಈಗೇನು ಅವರಿಗೆ? ಸೊರಬದವಳು ಅಂತ ಸಸಾರವಾ?"

"ಸಣ್ಣಾಗಿದ್ದಾಗ ಬಾಳ ಮಾತಾಡ್ತಿದ್ದ," ಎಂದರು ಅತ್ತೆ. ಅಷ್ಟು ಹೇಳಿ ಕಲ್ಲು ಬಿಟ್ಟು ಗಿರಣಿಯ ಕಡೆ ನೋಡಿದರು. ಅವತ್ತಿನಿಂದ ನಾವಿಬ್ಬರೂ ಅವರನ್ನು ಗಮನಿಸತೊಡಗಿದೆವು.

ಒಂದು ಮಧ್ಯಾಹ್ನ ನಮ್ಮವರು ಅಪರೂಪಕ್ಕೆ ಜಗಲಿಯ ಮೇಲೆ ಕೂತಿದ್ದರು. ಮಗಳು ಅಂಗಳದಲ್ಲಿ ಸಿಕ್ಕ ಹುಣಸೆಬೀಜ ತೋರಿಸಲು ಬಂದಳು. ಬಂದವಳು "ಅಪ್ಪಾ" ಎಂದು ಕರೆಯಲಿಲ್ಲ. ಅವರ ಮುಂದೆ ಹೋಗಿ ನಿಂತು, ಎರಡೂ ಕೈಯಲ್ಲಿ ಅವರ ಗದ್ದ ಹಿಡಿದು, ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು. ಆಮೇಲೆ ಮಾತಾಡಿದಳು. ಅವರು ನಕ್ಕು ಉತ್ತರ ಕೊಟ್ಟರು. ಮತ್ತೆ ಏನೋ ಹೇಳಬೇಕಾದಾಗ ಮತ್ತೆ ಗದ್ದ ಹಿಡಿದಳು. ನನ್ನನ್ನಾದರೆ ಆ ಹುಡುಗಿ ಹಿತ್ತಲಿನಿಂದಲೇ ಕರೆಯುತ್ತಿದ್ದಳು.

ಒಳಗೆ ಕರೆದು ಕೇಳಿದೆ. "ಅಪ್ಪನ್ನ ಯಾಕೆ ಹಂಗೆ ಹಿಡ್ಕಂತೀ?"

"ಅಪ್ಪಂಗೆ ಬಾಯಿ ತೋರಿಸ್ಬೇಕು," ಎಂದಳು.

ಹೊರಗೆ ಹೋಗಿ ಅವರ ಬೆನ್ನ ಹಿಂದೆ ನಿಂತೆ. "ರೀ," ಎಂದೆ ಮೆತ್ತಗೆ. ಅವರು ಬಟ್ಟೆಯಲ್ಲಿ ಒಂದು ನಟ್ಟನ್ನು ಉಜ್ಜುತ್ತಿದ್ದರು. ಮತ್ತೆ ಸಾಮಾನ್ಯ ದನಿಯಲ್ಲಿ ಕರೆದೆ. ಉಜ್ಜುತ್ತಲೇ ಇದ್ದರು. ಬೀದಿಯಲ್ಲಿ ಹೋಗುತ್ತಿದ್ದವನೊಬ್ಬ ನನ್ನ ಕಡೆ ನೋಡಿದ. ಆಮೇಲೆ ನಮ್ಮವರು ತಿರುಗಿದರು. ದನಿಗಲ್ಲ, ಅವರ ಕೈಮೇಲೆ ಬಿದ್ದ ನನ್ನ ನೆರಳಿಗೆ. ನನ್ನ ಮುಖ ಕಂಡದ್ದೇ ಅವರಿಗೆ ಎಲ್ಲ ತಿಳಿಯಿತು. ಎದ್ದು ಹೋಗಲು ನೋಡಿದರು. ನಾನು ತೋಳು ಹಿಡಿದು ಎದುರಿಗೆ ಕೂತೆ.

"ಎಷ್ಟು ದಿನದಿಂದ?"

ಅವರ ಕಣ್ಣು ನನ್ನ ತುಟಿಯ ಮೇಲಿತ್ತು. ನಾಲ್ಕು ವರ್ಷದಿಂದ ಅಲ್ಲೇ ಇತ್ತು, ನಾನೇ ಗಮನಿಸಿರಲಿಲ್ಲ.

"ನೀ ಬರಾಕಿಂತ ಮುಂಚಿಂದಾನೇ, ಸ್ವಲ್ಪ ಸ್ವಲ್ಪ. ಎಡಗಿವಿ ಈಗ ಪೂರಾ ಇಲ್ಲ. ಬಲಗಿವಿ ಅರ್ಧ."

"ಯಾಕೆ ಹೇಳಲಿಲ್ಲ?"

"ಹೇಳೋ ಪ್ರಸಂಗ ಬರಲಿಲ್ಲ. ಇಂಜಿನ್ ನಡೀವಾಗ ಎಲ್ರೂ ಕಿವುಡ್ರೇ. ಎಲ್ರೂ ಒದರ್ತಾರೆ, ಕೈಸನ್ನೆ ಮಾಡ್ತಾರೆ. ನಾನೂ ಅವರಾಗೆ ಒಬ್ಬ. ಅದು ನಿಂತ ಮ್ಯಾಲೆ ನಾನೊಬ್ನೇ ಉಳಕಂಡೆ."

"ಅದಕ್ಕೇನಾ ಬಸ್ ಸ್ಟ್ಯಾಂಡಿಗೆ ಹೋಗ್ತಿದ್ದದ್ದು?"

"ಅಲ್ಲಿ ಗದ್ದಲ ಇರ್ತೈತೆ. ಯಾರೂ ನನ್ನ ಕೂಡ ಮಾತಾಡಾಕೆ ಬರಂಗಿಲ್ಲ." ಸ್ವಲ್ಪ ಹೊತ್ತು ಕೈಯಲ್ಲಿದ್ದ ನಟ್ಟನ್ನು ತಿರುಗಿಸಿದರು. "ನಿಮಗೆಲ್ಲ ನಿಂತೈತೆ. ನನ್ನ ತಲ್ಯಾಗೆ ಇನ್ನೂ ನಡೀತಾನೇ ಐತೆ ಕಣೇ. ಮಕ್ಕಂಡ್ರೂ ನಡೀತೈತೆ."

ನಾನು ಅವರನ್ನು ಏನೆಲ್ಲ ಅಂದಿದ್ದೆ! ಒಲೆಯ ಮುಂದೆ ಕೂತು, ಸೊಕ್ಕಿನವನು, ಕಲ್ಲಿನಂಥವನು, ಹೆಂಡತಿಯ ಮಾತಿಗೆ ಬೆಲೆ ಕೊಡದವನು ಎಂದು ದಿನಾ ಅಂದಿದ್ದೆ. ಅದನ್ನು ಅವರಿಗೆ ಹೇಳಲಿಲ್ಲ. ಇವತ್ತಿನವರೆಗೂ ಯಾರಿಗೂ ಹೇಳಿರಲಿಲ್ಲ.

ವಿಷಯ ತಿಳಿದ ಮೇಲೆ ಅತ್ತೆಯೇ ನಮ್ಮನ್ನು ಸೊರಬಕ್ಕೆ ಕಳಿಸಿದರು. ಅಲ್ಲಿ ಒಬ್ಬ ಡಾಕ್ಟರು ಕಿವಿ ನೋಡುತ್ತಾರೆಂದು ಅಪ್ಪ ಮೊದಲೊಮ್ಮೆ ಹೇಳಿದ್ದ. "ಬೀಸೋದು ನಾನೊಬ್ಳೇ ಬೀಸ್ಕಂತೀನಿ, ಎಂಟು ದಿನ ಇದ್ದು ಬರ್ರಿ," ಎಂದರು. ಡಾಕ್ಟರು ದೀಪ ಹಾಕಿ ಎರಡೂ ಕಿವಿ ನೋಡಿದರು, ಜೇಬಿನ ಗಡಿಯಾರ ತೆಗೆದು ಒಂದೊಂದು ಕಿವಿಯ ಹತ್ತಿರ ಹಿಡಿದರು. ಎಡಗಡೆ ಹಿಡಿದಾಗ ನಮ್ಮವರು ಸುಮ್ಮನೆ ಕಿಟಕಿ ನೋಡುತ್ತಿದ್ದರು.

"ಹೋದದ್ದು ಬರೋದಿಲ್ಲ ರೀ," ಎಂದರು ಡಾಕ್ಟರು, ನನ್ನನ್ನು ನೋಡಿ. ನಾನು ಅವರನ್ನು ನಮ್ಮವರ ಕಡೆ ತಿರುಗಿ ಹೇಳಲು ಕೇಳಿಕೊಂಡೆ. ಅವರು ತಿರುಗಿ ನಿಧಾನವಾಗಿ ಹೇಳಿದರು. "ಇರೋದನ್ನ ಉಳಿಸ್ಕೊಳ್ಳಿ. ದಿನಾ ಅಷ್ಟು ಹೊತ್ತು ಇಂಜಿನ್ ಹತ್ರ ನಿಲ್ಬೇಡಿ. ಕಿವಿಗೆ ನಡುನಡುವೆ ವಿಶ್ರಾಂತಿ ಬೇಕು."

ತವರಿನಲ್ಲಿ ಎಂಟು ದಿನ ಇದ್ದೆವು. ಮೊದಲ ಮೂರು ದಿನ ನಮ್ಮವರಿಗೆ ಒಂದು ಕಡೆ ಕೂರಲಾಗಲಿಲ್ಲ. ಗದ್ದೆಯ ಬದುವಿನ ಮೇಲೆ ಆ ತುದಿಯಿಂದ ಈ ತುದಿಗೆ ನಡೆಯುವುದು, ರಸ್ತೆಯಲ್ಲಿ ಲಾರಿ ಹೋದರೆ ನೋಡಲು ಓಡುವುದು. ಎಲ್ಲರೂ ಸುಮ್ಮನಿದ್ದಷ್ಟೂ ತಲೆಯೊಳಗಿನ ಸದ್ದು ಏರುತ್ತದೆ ಎನ್ನುತ್ತಿದ್ದರು. ನನಗೂ ನೆಮ್ಮದಿಯಿಲ್ಲ. ಅತ್ತೆ ಒಬ್ಬರೇ ಏನು ಉಂಡರೋ, ಆ ಕಲ್ಲನ್ನು ಒಬ್ಬರೇ ಹೇಗೆ ಎಳೆಯುತ್ತಾರೋ ಎಂದು ಯೋಚನೆ. ಅವ್ವ ನನ್ನನ್ನು ವಿಚಿತ್ರವಾಗಿ ನೋಡಿದಳು. ಹಿಂದೆ ಬಂದಾಗಲೆಲ್ಲ ನಾನು ಅದೇ ಅತ್ತೆಯ ಮೇಲೆ ದೂರು ಹೇಳಿ ಅತ್ತವಳು.

ನಮ್ಮಪ್ಪನಿಗೆ ವಿಷಯ ಹೇಳಿದ್ದೆ. ಅವನು ಅವತ್ತಿನಿಂದ ಅಳಿಯನ ಬಲಗಡೆ, ಸ್ವಲ್ಪ ಮುಂದಾಗಿ, ಮುಖ ಕಾಣುವಂತೆ ಕೂರುತ್ತಿದ್ದ. ಭತ್ತದ ಬಣವೆಯ ನೆರಳಿನಲ್ಲಿ ಇಬ್ಬರೂ ಎಲೆಯಡಿಕೆ ಹಾಕಿಕೊಂಡು ಕೂತಿರುವುದನ್ನು ನಾನು ಕೆರೆಯಿಂದ ನೀರು ತರುವಾಗ ನೋಡುತ್ತಿದ್ದೆ. ಬಹಳ ಹೊತ್ತಿಗೆ ಒಂದು ಮಾತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಐದೋ ಆರೋ ದಿನಕ್ಕೆ ನಮ್ಮವರು ನನಗೆ ಹೇಳಿದರು.

"ನಿಮ್ಮಪ್ಪ ಆಡಿದ ಮಾತು ನಂಗೆ ಪೂರಾ ತಿಳೀತೈತೆ. ಒಬ್ರೇ ಆಡ್ತಾರೆ, ನಿಧಾನಕ್ಕೆ ಆಡ್ತಾರೆ. ಕೇಳಾಕೆ ಗುದ್ದಾಡಬೇಕಿಲ್ಲ."

"ತಲೆಯೊಳಗಿನದು?"

ತಲೆ ಓರೆ ಮಾಡಿ ನೋಡಿಕೊಂಡರು. "ಐತೆ. ಆದ್ರೆ ಸ್ವಲ್ಪ ದೂರ ಹೋದಂಗೈತೆ. ಪಕ್ಕದ ಓಣ್ಯಾಗೆ ನಡದಂಗೆ."

ಅವತ್ತು ಅವರು ಜಗಲಿಯ ಮೇಲೆ ಒಂದು ತಾಸು ಅಲ್ಲಾಡದೆ ಕೂತಿದ್ದರು.

ನಾವು ಶಿಕಾರಿಪುರಕ್ಕೆ ಮರಳಿದ ಒಂದು ವಾರಕ್ಕೆ ಹುಬ್ಬಳ್ಳಿಯಿಂದ ಹೊಸ ಕ್ರ್ಯಾಂಕು ಬಂತು. ಫಿಟ್ಟರ್ ಎರಡು ದಿನ ಕೂತು ಜೋಡಿಸಿದ. ಚಾಲೂ ಮಾಡುವ ಬೆಳಿಗ್ಗೆ ಭತ್ತದ ಗಾಡಿಗಳು ಆಗಲೇ ಬಂದು ನಿಂತಿದ್ದವು. ಅತ್ತೆ ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು ಮಗನ ಮುಂದೆ, ಮುಖ ಕಾಣುವಂತೆ ನಿಂತರು.

"ಮಧ್ಯಾಹ್ನ ಒಂದಕ್ಕೆ ನಿಲ್ಲಿಸಬೇಕು. ಮೂರಕ್ಕೆ ಮತ್ತೆ ಚಾಲೂ ಮಾಡು."

"ಗಾಡಿ ಸಾಲುಗಟ್ಟಿದಾಗ ಅದು ಆಗೋ ಮಾತಾ ಅವ್ವಾ? ಮಂದಿ ಬ್ಯಾರೆ ಗಿರಣಿಗೆ ಹೋಗ್ತಾರೆ."

"ಹೋಗ್ಲಿ."

ಅವರು ಒಪ್ಪಲಿಲ್ಲ. ಮೊದಲ ದಿನ ಒಂದು ಗಂಟೆಗೆ ನಾನು ಎಂದಿನಂತೆ ತಟ್ಟೆ ತೋರಿಸಿದೆ. ಬಂದರು. ಗೋಡೆಯ ಆಚೆ ಇಂಜಿನ್ ನಡೆಯುತ್ತಲೇ ಇತ್ತು. ಅತ್ತೆ ತಟ್ಟೆಯ ಮುಂದೆ ಕೈ ಕಟ್ಟಿ ಕೂತರು. ನಾನೂ ಕೂತೆ. ಇವರು ಎರಡು ತುತ್ತು ತಿಂದು ನಮ್ಮ ಮುಖ ನೋಡಿದರು, ಎದ್ದು ಹೋದರು. ಎರಡನೆಯ ದಿನವೂ ಹಾಗೆಯೇ ಕೂತೆವು. ನನಗೆ ಹಸಿವಿಗಿಂತ ಭಯ ಹೆಚ್ಚಾಗಿತ್ತು. ಇವರು ಒಂದು ತುತ್ತನ್ನೂ ತೆಗೆದುಕೊಳ್ಳದೆ ಎದ್ದರು. ಸ್ವಲ್ಪ ಹೊತ್ತಿಗೆ ಗೋಡೆಯ ಆಚೆಯ ಸದ್ದು ನಿಧಾನವಾಗಿ, ಒಂದೊಂದೇ ಹೊಡೆತವಾಗಿ, ನಿಂತಿತು. ಬಂದು ಕೂತು, "ಬಡಿಸ್ರಿ ಈಗ," ಎಂದರು.

ಅವತ್ತಿನಿಂದ ಒಂದರಿಂದ ಮೂರು ಗಂಟೆ ನಮ್ಮ ಮನೆಯಲ್ಲಿ ಇಂಜಿನ್ ಇರುತ್ತಿರಲಿಲ್ಲ. ಮೊದಲು ಜನ ಗೊಣಗಿದರು. ಕೆಲವರು ಬೇರೆ ಗಿರಣಿಗೆ ಹೋದರು, ಅವರಲ್ಲಿ ಅರ್ಧ ಜನ ತಿರುಗಿ ಬಂದರು. ಹೊತ್ತು ತಪ್ಪಿ ಬಂದ ಹೆಂಗಸರು ಬುಟ್ಟಿ ಇಳಿಸಿ ನಮ್ಮ ಜಗಲಿಯ ಮೇಲೆ ಕೂರುತ್ತಿದ್ದರು. ಮುಂದಿನ ವರ್ಷ ಇಂಜಿನ್ನನ್ನು ಹಿತ್ತಲಿನ ಆಚೆ ಒಂದು ತಗಡಿನ ಮನೆ ಕಟ್ಟಿ ಅಲ್ಲಿಗೆ ಸಾಗಿಸಿದೆವು. ನಮ್ಮವರ ಎಡಗಿವಿ ಹೋದದ್ದು ಹೋಯಿತು. ಬಲಗಿವಿ, ಕೆಲಸದ ಹೊತ್ತಿನಲ್ಲಿ ಎಣ್ಣೆಯಲ್ಲಿ ಅದ್ದಿದ ಹತ್ತಿ ಇಟ್ಟುಕೊಂಡು, ಕೊನೆಯವರೆಗೂ ಅಷ್ಟೇ ಉಳಿಯಿತು. ನಾನು ಅವರ ಬಲಗಡೆ ಕೂತು ಮಾತಾಡಿದೆ.

ಆ ಎರಡು ತಾಸಿನಲ್ಲಿ ನಾವು ಮಹಾ ಏನೂ ಮಾಡುತ್ತಿರಲಿಲ್ಲ. ಉಂಡು ಕೂರುತ್ತಿದ್ದೆವು. ಮಗಳು ಏನಾದರೂ ಹೇಳುತ್ತಿದ್ದಳು. ಅತ್ತೆ ಸಾರಿನಲ್ಲಿ ಹುಣಸೆಹಣ್ಣು ಹೆಚ್ಚಾಗಿದೆ ಎಂದು ಈಗ ನನಗೇ ಹೇಳುತ್ತಿದ್ದರು. ಅತ್ತೆ, ನಮ್ಮವರು ಇಬ್ಬರೂ ಆ ಬಿಡುವಿಗೆ ಬೇಗ ಪಳಗಿದರು. ನನಗೆ ಮಾತ್ರ ಸುಮ್ಮನಿರುವುದು ಸುಲಭಕ್ಕೆ ಬರಲಿಲ್ಲ. ಎರಡು ಗಂಟೆಯಾದರೆ ಎದ್ದು ಗಡಿಯಾರ ನೋಡುವುದು, ಇನ್ನೇನು ಮೂರಾಯಿತು ಎಂದು ಕಾಲು ಅಲ್ಲಾಡಿಸುವುದು, ಯಾರೋ ಬಾಗಿಲಲ್ಲಿ ಕಾಯುತ್ತಿದ್ದಾರೆಂದು ಇಣುಕುವುದು. ಎಷ್ಟೋ ತಿಂಗಳು ಹೀಗೇ ಕಳೆದವು.

ಬೇಸಿಗೆಯ ಒಂದು ಮಧ್ಯಾಹ್ನ ಚಾಪೆಯ ಮೇಲೆ ಸುಮ್ಮನೆ ಒರಗಿದವಳಿಗೆ ನಿದ್ದೆ ಹತ್ತಿತು. ಎಚ್ಚರವಾದಾಗ ಬಿಸಿಲು ಅಂಗಳದ ಆಚೆಗೆ ಸರಿದಿತ್ತು. ಗಡಿಯಾರ ನೋಡಿದರೆ ನಾಲ್ಕು. ಎಲ್ಲೂ ಸದ್ದಿಲ್ಲ. ಇಂಜಿನ್ ಮತ್ತೆ ಕೆಟ್ಟಿತೆಂದು ಸೆರಗು ಸರಿಮಾಡಿಕೊಳ್ಳುತ್ತ ಹೊರಗೆ ಓಡಿದೆ. ಜಗಲಿಯ ಮೇಲೆ ನಾಲ್ಕೈದು ಹೆಂಗಸರು ಬುಟ್ಟಿ ಮುಂದಿಟ್ಟುಕೊಂಡು ಸಿಟ್ಟಿನಲ್ಲಿ ಕೂತಿದ್ದರು. ಅವರ ನಡುವೆ ನಮ್ಮವರು, ಬಾಯಿಯ ಮೇಲೆ ಬೆರಳಿಟ್ಟು, ಮೆಲ್ಲಗೆ ಎಂದು ಸನ್ನೆ ಮಾಡುತ್ತಿದ್ದರು.

"ಯಾಕೆ ರೀ, ಕೆಟ್ಟೋಯ್ತಾ?" ಎಂದೆ.

"ಕೆಟ್ಟಿಲ್ಲ," ಎಂದಳು ಬುಟ್ಟಿಯಾಕೆ ಒಬ್ಬಳು. "ನಿನ್ನ ಗಂಡ ಚಾಲೂ ಮಾಡಂಗಿಲ್ಲ ಅಂತ ಕುಂತಾನೆ. ನೀ ಮಕ್ಕಂಡೀಯಂತೆ. ನಮ್ಮ ಮನ್ಯಾಗೆ ರೊಟ್ಟಿ ಯಾವಾಗ ಮಾಡಾದು?"

ನಮ್ಮವರು ನನ್ನ ಮುಖ ನೋಡಿ, ಹ್ಯಾಂಡಲ್ ಎತ್ತಿಕೊಂಡು, ಹಿತ್ತಲ ಕಡೆ ಹೊರಟರು.